ನಿರೀಕ್ಷಿತ ಉತ್ತರ

ಮೂವತ್ತೊಂಬತ್ತು ಪಾಠ ಮುಗಿದಿದೆ, ನಲವತ್ತನೆಯದು ಬಾಕಿ.
ಶಿವಮೊಗ್ಗದಿಂದ ಆಯನೂರಿಗೆ ಏಳೂಮುಕ್ಕಾಲಿನ ಬಸ್ಸು.
ತೊಡೆಯ ಮೇಲೆ ಪಾಠಯೋಜನೆ, ಅದರ ಮೇಲೆ ಸ್ಕೇಲು,
ಡ್ರೈವರು ಬ್ರೇಕು ಒತ್ತಿದಲ್ಲೆಲ್ಲ
ನನ್ನ ಗೆರೆ ಸೊಟ್ಟ.
ಎಡಗಡೆ ಶಿಕ್ಷಕಿ ಕೇಳುವ ಪ್ರಶ್ನೆ,
ಬಲಗಡೆ ಮಕ್ಕಳ ನಿರೀಕ್ಷಿತ ಉತ್ತರ,
ನಡುವೆ ಕೆಂಪು ಗೆರೆ, ದನ ದಾಟದ ಹಾಗೆ.

ಪಕ್ಕದ ಸೀಟಿನ ಹೆಂಗಸು ಇಣುಕಿ ನೋಡಿ,
"ಹುಡ್ರು ಏನು ಹೇಳ್ತವೆ ಅಂತ ಮೊದ್ಲೇ ಬರ್ಕಂಡಿದೀಯಲ್ಲೇ ಮಾರಾಯ್ತಿ!
ನಮ್ಮನೆಯವ್ರದ್ದೂ ಒಂದು ಹಾಳೆ ಬರ್ದುಕೊಡು" ಅಂದಳು.
ಕಂಡಕ್ಟರು ಚಿಲ್ಲರೆ ಮರೆತು ನಕ್ಕ.

ಮಾರ್ಚಿಯಲ್ಲಿ ಶಾಲೆಗೆ ಪುರುಸೊತ್ತಿಲ್ಲ.
ಹೆಡ್ಮೇಷ್ಟ್ರು ದ್ಯಾವಪ್ಪನವರಿಗೆ ಮೊಟ್ಟೆಯ ಲೆಕ್ಕಕ್ಕೂ ಹಾಜರಿಗೂ
ಮೂರೇ ಮೂರು ಮೊಟ್ಟೆ ತಾಳೆಯಾಗದೆ
ನಿನ್ನೆಯಿಂದ ಬೆವರು.
ಚೂಡಾಮಣಿ ಮೇಡಂ ಅಂಕಪಟ್ಟಿಯ ಕಟ್ಟು ನನ್ನ ಮುಂದಿಟ್ಟು
"ನಿನ್ನ ಅಕ್ಷರ ಮುತ್ತು ಕಣೇ" ಅನ್ನುತ್ತಾರೆ.
ಮುತ್ತಿನಂಥ ಅಕ್ಷರದಷ್ಟು ದೊಡ್ಡ ಶಾಪ
ಈ ತಿಂಗಳಲ್ಲಿ ಇನ್ನೊಂದಿಲ್ಲ.
ನಲವತ್ತೊಂದು ಹೆಸರು, ನಲವತ್ತೊಂದು ತಾಯಂದಿರ ಹೆಸರು,
ಎತ್ತರ, ತೂಕ, ಗುರುತಿಗೆ ಎರಡು ಮಚ್ಚೆ.
(ನಸ್ರೀನಳಿಗೆ ಒಂದೇ ಮಚ್ಚೆ. ಇನ್ನೊಂದು
ಅವಳೇ ಪೆನ್ನಿನಲ್ಲಿ ಇಟ್ಟುಕೊಂಡು ಬಂದಳು.)

ಆಶಾ ಅಕ್ಕ ಮಂಗನ ಕಾಯಿಲೆಯ ಎಣ್ಣೆ ಹಂಚಿ ಹೋದಳು,
ತರಗು ಗುಡಿಸಲು ಕಾಡಿಗೆ ಹೋಗುವವರು
ಕಾಲಿಗೆ ಹಚ್ಚಿಕೊಳ್ಳಿ ಅಂತ.
ಹಾಲೇಶನ ಬಾಟಲಿ ಮೇಜಿನ ಮೇಲೇ ಉಳಿಯಿತು.
ಅವನು ಆಗಲೇ ಅವ್ವನ ಜೊತೆ ಕಾಡಿನಲ್ಲಿದ್ದ.

ಗುರುವಾರ ಕಾಲೇಜಿನಿಂದ ಸರ್ ಬರುತ್ತಾರೆ,
ನಲವತ್ತನೆಯ ಪಾಠ ನೋಡಲು, ಇಪ್ಪತ್ತು ನಿಮಿಷ.
ವಿಷಯ: ನೀರು ಆವಿಯಾಗುವುದು.
ಆರನೇ ತರಗತಿ ಅದನ್ನು ಡಿಸೆಂಬರಿನಲ್ಲೇ ಕುಡಿದು ಅರಗಿಸಿಕೊಂಡಿದೆ.
ಬುಧವಾರ ಸಂಜೆ ಕೈಮುಗಿದು ಕೇಳಿಕೊಂಡೆ:
ನಾಳೆ ಮೊದಲು ಸುಮ್ಮನಿರಿ, ಗೊತ್ತಿಲ್ಲದವರ ಹಾಗೆ.
ನಸ್ರೀನ್ ಎದ್ದಳು:
"ಎಷ್ಟು ಹೊತ್ತು ಗೊತ್ತಿರಬಾರದು ಮಿಸ್?"

ಸರ್ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು.
ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸಿದೆ.
ಕಪ್ಪು ಇನ್ನೂ ಕಪ್ಪಾಯಿತು, ಹೊಳೆಯಿತು,
ಅಂಚಿನಿಂದ ಕುಗ್ಗುತ್ತ ಕುಗ್ಗುತ್ತ ಅಂಗೈಯಷ್ಟಾಗಿ
ಇಲ್ಲವಾಯಿತು.
"ನೀರು ಎಲ್ಲಿಗೆ ಹೋಯಿತು?"
ಮಾತು ಕೊಟ್ಟ ಮಕ್ಕಳು. ತುಟಿ ಬಿಗಿದು,
ಗೊತ್ತಿಲ್ಲದಿರುವುದರಲ್ಲಿ ಮುಳುಗಿಹೋಗಿದ್ದರು.

ಕಾಲಿನ ಎಣ್ಣೆಯ ವಾಸನೆಯೊಂದಿಗೆ
ಹಾಲೇಶ ಎದ್ದ. ಬುಧವಾರ ಅವನು ಬಂದಿರಲಿಲ್ಲ,
ಡಿಸೆಂಬರಿನಲ್ಲೂ ಇರಲಿಲ್ಲ.
"ಬೋರ್ಡೇ ಕುಡೀತು ಮಿಸ್.
ದಿನಾ ಸುಣ್ಣ ತಿಂದೂ ತಿಂದೂ
ಅದಕ್ಕೂ ಬಾಯಿ ಒಣಗಿರ್ತದಲ್ಲ."

ನಾನು ಬಲಗಡೆಯ ಕಾಲಂ ನೋಡಿದೆ.
ಕಿಟಕಿಯಾಚೆ ಮಂಗವೊಂದು ಯಾರದೋ ಬುತ್ತಿ ಬಿಚ್ಚುತ್ತಿತ್ತು.
ಯಾರೂ ನಗಲಿಲ್ಲ. ನಸ್ರೀನ್ ಮಾತ್ರ
ಬೋರ್ಡನ್ನು ಹೊಸದಾಗಿ ನೋಡುವಂತೆ ನೋಡಿದಳು.
ಸರ್ ಬರೆದರು: ವಿದ್ಯಾರ್ಥಿಗಳ ಪ್ರತಿಕ್ರಿಯೆ ತೃಪ್ತಿಕರ.
ಸಹಿ. ದಿನಾಂಕ.

ಆಮೇಲೆ ಪರೀಕ್ಷೆ. ವಿಜ್ಞಾನದ ಕಟ್ಟು ನನ್ನ ಪಾಲಿಗೆ ಬಂತು.
ಪ್ರಶ್ನೆ ಏಳು: ಒದ್ದೆ ಬಟ್ಟೆ ಒಣಗುವುದೇಕೆ?
ಹಾಲೇಶನ ಹಾಳೆ ಹುಡುಕಿ ತೆಗೆದೆ.
ಬಾಗಿದ ಅಕ್ಷರದಲ್ಲಿ, ಒಂದಿಷ್ಟೂ ತಪ್ಪಿಲ್ಲದೆ
"ನೀರು ಆವಿಯಾಗಿ ಗಾಳಿಯನ್ನು ಸೇರುತ್ತದೆ."
ನಾನೇ ಕಲಿಸಿದ ಸಾಲು.
ಎರಡಕ್ಕೆ ಎರಡು ಹಾಕಿ,
ಪೆನ್ನು ಕೆಳಗಿಟ್ಟು, ಮತ್ತೆ ಓದಿದೆ.

ಕೊನೆಯ ದಿನ. ಚಾರ್ಟುಗಳೆಲ್ಲ ಸುರುಳಿಯಾದವು.
ಯಾರೋ ಬಳೆ ಕೊಟ್ಟರು, ಯಾರೋ ಅರ್ಧ ಪೆನ್ಸಿಲು.
ದ್ಯಾವಪ್ಪನವರ ಮೂರು ಮೊಟ್ಟೆ ಸಿಕ್ಕಿದ್ದವು,
ಕೂಡುವಾಗ ಒಂದು ಶನಿವಾರ ಬಿಟ್ಟುಹೋಗಿತ್ತಂತೆ.
ಎಲ್ಲರೂ ಹೋದ ಮೇಲೆ ಆರನೇ ತರಗತಿಗೆ ಹೋಗಿ
ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ,
ಹಿಂಡದೆ,
ಬೋರ್ಡು ಒರೆಸಿದೆ. ಇನ್ನೊಂದು ಸಲ ಒರೆಸಿದೆ.
ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ.
ಐದೂ ಹತ್ತರ ಬಸ್ಸು ಹಾರ್ನು ಹೊಡೆದು ಹೋಯಿತು.