ಒಳಗೆ ಬಿಟ್ಟ ಬಟ್ಟೆ

ಅರ್ಜಿಯ ಹದಿನಾಲ್ಕನೇ ಕಲಮು:
"ವ್ಯಾಸಂಗ ನಿಂತಿದ್ದಲ್ಲಿ, ಕಾರಣ."
ಮುಂದೆ ಒಂದೇ ಗೆರೆ. ಅದರಲ್ಲೂ ಅರ್ಧ
ಫೋಟೋ ಅಂಟಿಸುವ ಚೌಕ ನುಂಗಿದೆ.
ಇಪ್ಪತ್ತನಾಲ್ಕು ವರ್ಷವನ್ನು
ಆರು ಬೆರಳಗಲದಲ್ಲಿ ಹೇಗೆ ಮಡಚಲಿ?

ಕೌಂಟರಿನ ಹುಡುಗ ಒಳ್ಳೆಯವನೇ.
"ಗ್ಯಾಪ್ ಸರ್ಟಿಫಿಕೇಟ್ ಮಾಡಿಸ್ಕೊಂಡು ಬನ್ನಿ ಮೇಡಂ,
ಕೋರ್ಟಿನ ಹತ್ರ ಕೂತಿರ್ತಾರೆ, ಸಂಜೆ ಐದರೊಳಗೆ."
ಮೇಡಂ ಅಂದ.
ಫ್ಯಾಕ್ಟರಿಯಲ್ಲಿ ನಾನು ಲೈನ್ ಏಳು, ಮಿಷನ್ ಹನ್ನೊಂದು.

ಹೊಂಗೆ ಮರದಡಿ ಟೈಪಿಸ್ಟ್ ಗೌಸ್ ಸಾಬರು.
ನಾನು ಬಾಯಿ ಬಿಡುವ ಮೊದಲೇ ಅವರ ಬೆರಳು ಓಡುತ್ತಿದೆ:
"ಮುನಿಲಕ್ಷ್ಮಮ್ಮ ಕೋಂ ಲೇಟ್ ಹನುಮಂತರಾಯಪ್ಪ,
ನಲವತ್ತೊಂದು ವರ್ಷ, ಲಗ್ಗೆರೆ ವಾಸಿಯಾದ ನಾನು
ಸತ್ಯವಾಗಿ ಪ್ರಮಾಣ ಮಾಡುವುದೇನೆಂದರೆ,
ಸದರಿ ಅವಧಿಯಲ್ಲಿ ನಾನು ಎಲ್ಲಿಯೂ ಓದಿರುವುದಿಲ್ಲ,
ಏನನ್ನೂ ಮಾಡಿರುವುದಿಲ್ಲ."

ಏನನ್ನೂ ಅಂದ್ರೆ? ಅಂದೆ.
"ಎಲ್ರಿಗೂ ಹಿಂಗೇ ಬರಿಯೋದಮ್ಮ."

ನಿಲ್ಲಿ ಸಾಬರೇ.
ಗಂಟೆಗೆ ಎಂಬತ್ತು ಕಾಲರು ಕೂಡಿಸಿದ್ದೇನೆ,
ಯಾವ ಯಾವ ದೇಶದ ಕುತ್ತಿಗೆಗಳಿಗೋ.
ಉಚ್ಚೆಗೆ ಹೋಗಲು ಟೋಕನ್ ಹಿಡಿದು ಕಾದಿದ್ದೇನೆ.
ಪಿಎಫ್ ದುಡ್ಡಿಗೆಂದು ಬೀದಿಗಿಳಿದ ದಿನ
ಮೊಣಕೈಗೆ ಬಿದ್ದ ಏಟು
ಮೋಡ ಕಟ್ಟಿದರೆ ಈಗಲೂ ಮೊದಲು ಅದಕ್ಕೇ ಗೊತ್ತಾಗುತ್ತೆ.
ತಂಗಿ ನರ್ಸಾದಳು. ಅವಳ ಫೀಸಿನ ರಸೀದಿಗಳೆಲ್ಲ
ನನ್ನ ಪಿಯುಸಿ ಅಂಕಪಟ್ಟಿಯ ಜೊತೆ ಒಂದೇ ತಗಡಿನ ಟ್ರಂಕಲ್ಲಿವೆ.
ವಿಕ್ಟೋರಿಯಾ ಆಸ್ಪತ್ರೆಯ ವರಾಂಡದಲ್ಲಿ ಹತ್ತೊಂಬತ್ತು ರಾತ್ರಿ ಕೂತೆ,
ಇಪ್ಪತ್ತನೆಯ ದಿನ ಬರೀ ಬ್ಯಾಗು ತಂದೆ.
ಬೋನಸ್ ಚೀಟಿಯಲ್ಲಿ ಮೋಸ ಹಿಡಿದವಳೂ ನಾನೇ,
ಹೈಸ್ಕೂಲಿನ ಶೇಕಡಾ ಲೆಕ್ಕದಲ್ಲಿ.

ಸಾಬರು ಕನ್ನಡಕ ತೆಗೆದು ಒರೆಸಿದರು.
"ಇಷ್ಟೆಲ್ಲ ಬರೆದ್ರೆ ಇನ್ನೊಂದು ಛಾಪಾ ಕಾಗದ ಬೇಕು, ಖರ್ಚು ನಿಮ್ದೇ."
ಆಮೇಲೆ ಹಾಳೆ ಹಿಂದಕ್ಕೆ ತಿರುಗಿಸಿ
ಏನನ್ನೂ ಮಾಡಿರುವುದಿಲ್ಲ ಎಂಬುದರ ಮೇಲೆ
ಟಕಟಕ ಗೀಟು ಹೊಡೆದು ಬಡಿದರು:
ದುಡಿದಿರುತ್ತೇನೆ.
ತಿದ್ದಿದ್ದಕ್ಕೆ ನೋಟರಿ ಇನ್ನೊಂದು ಸಹಿ ಹಾಕಿ
ಇನ್ನೊಂದು ಸಲ ದುಡ್ಡು ಕೇಳಿದ.

ಹದಿನಾಲ್ಕನೇ ಕಲಮಿನಲ್ಲಿ ಬರೆದೆ: ಲಗತ್ತಿಸಿದೆ.

ನಮ್ಮವ್ವ ಲಂಗ ಹೊಲಿಸುವಾಗ
ಅಂಚಿನಲ್ಲಿ ನಾಲ್ಕು ಮಡಿಕೆ ಒಳಗೆ ಬಿಡಿಸುತ್ತಿದ್ದಳು,
ಬೆಳೆಯೋ ಹುಡುಗಿ ಅಂತ.
ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ
ಲಂಗವೆಲ್ಲ ಒಗೆದೂ ಒಗೆದೂ ಬಿಳಿಚಿದ ನೀಲಿ,
ಬಿಚ್ಚಿದ ಪಟ್ಟಿ ಮಾತ್ರ ಬಿಸಿಲು ಕಾಣದ ಕಡುನೀಲಿ.
ಕ್ಲಾಸಿನವರು ನಗೋರು. ನಾನು ಕಾಲು ಮಡಚಿ ಕೂರುತ್ತಿದ್ದೆ.

ಈಗ ಭಾನುವಾರದ ತರಗತಿ.
ಜಾತಿ, ಆದಾಯ, ಎರಡೂ ಪತ್ರ ಕೊಟ್ಟಿದ್ದರಿಂದ ಫೀಸು ಅರ್ಧ,
ಮಿಕ್ಕರ್ಧ ಸಂಘದ ಚೀಟಿ ಎತ್ತಿ ಕಟ್ಟಿದೆ.
ಲೈಬ್ರರಿಯ ತಾರಾಮಣಿ ಮೇಡಂ ಹಳೇ ಪ್ರಶ್ನೆಪತ್ರಿಕೆ
ಮನೆಗೇ ಒಯ್ಯಲು ಬಿಟ್ಟರು, ರೂಲ್ಸ್‌ನಲ್ಲಿ ಇಲ್ಲದಿದ್ದರೂ.
ಬಸ್ಸಿನ ಸೊನ್ನೆ ರೂಪಾಯಿ ಗುಲಾಬಿ ಟಿಕೆಟ್ಟಿನ ಬೆನ್ನಿಗೆ
ಒಂದೊಂದು ಇಸವಿ ಬರೆದು ಬಾಯಿಪಾಠ ಮಾಡುತ್ತೇನೆ;
ಪೀಣ್ಯ ಬರುವಷ್ಟರಲ್ಲಿ ಒಂದು ಯುದ್ಧ ಮುಗಿದಿರುತ್ತೆ.

ಪಕ್ಕದಲ್ಲಿ ಸೆಕ್ಯುರಿಟಿ ಗಾರ್ಡ್ ಬೈಲಪ್ಪ,
ನೈಟ್ ಡ್ಯೂಟಿ ಮುಗಿಸಿ ಬಂದವನು,
ಕಣ್ಣು ಮುಚ್ಚಿಕೊಂಡೇ ನೋಟ್ಸ್ ಬರೆಯುತ್ತಾನೆ.
ಹಿಂದಿನ ಬೆಂಚಿನ ಹುಡುಗಿ ಮೊದಲ ವಾರ ಆಂಟಿ ಅಂದಳು,
ಮೂರನೇ ವಾರ ಅಕ್ಕ,
ಮೊನ್ನೆ ನೋಟ್ಸ್ ಕೇಳುವಾಗ ಮುನಿ.

ಹಾಜರಿ ಕೂಗಿದಾಗ ಎದ್ದು ನಿಂತುಬಿಡುತ್ತೇನೆ,
ಕೂತೇ ಹೇಳಿ ಅಂತ ಮೇಷ್ಟ್ರು ಎಷ್ಟು ಸಲ ಹೇಳಿದರೂ.
ಆಮೇಲೆ ಪಾಠ.
ನಾನು ಪೂರ್ತಿ ಅಲ್ಲೇ ಇರುತ್ತೇನೆ.
ಬೆಂಚಿನ ಕೆಳಗೆ ಬಲಗಾಲು ಮಾತ್ರ
ಒಂದೇ ಸಮ
ಇಲ್ಲದ ಪೆಡಲು ಒತ್ತುತ್ತಿರುತ್ತದೆ.