ಏಳನೆಯ ಹಾಸಿಗೆಯ ಕೈಗಳು

ತಾರ್ತು ಊರಿನ ಹೊಳೆ ಹೆಪ್ಪುಗಟ್ಟಿ ಹನ್ನೊಂದು ದಿನ.
ಮೂರನೆಯ ಮಹಡಿಯಲ್ಲಿ ಮಾತ್ರ
ಹವೆ ಸದಾ ಇಪ್ಪತ್ತೆರಡು ಡಿಗ್ರಿ.
ಹಗಲಿಲ್ಲ, ಇರುಳಿಲ್ಲ, ಬೀಪ್ ಇದೆ.

ಏಳನೆಯ ಹಾಸಿಗೆ: ಕಾಲ್ಯೊ ಸಾರೆಪು, ಎಪ್ಪತ್ತೆಂಟು,
ನ್ಯುಮೋನಿಯಾ, ಗಂಟಲಲ್ಲಿ ಕೊಳವೆ.
ಎರಡು ಮಣಿಕಟ್ಟಿಗೂ ಒಂದು ಕಣಕಾಲಿಗೂ
ಬೆಂಕಿಪೊಟ್ಟಣದಷ್ಟು ಸೆನ್ಸರ್,
ಬೆರಳ ತುದಿಗೆ ಕೆಂಪು ದೀಪದ ಚಿಮಟ.
ಸದ್ದು ಅಳೆಯಲು ಗೋಡೆಯಲ್ಲೊಂದು ಕಿವಿ.
ರಾತ್ರಿ ಅತಿ ಹೆಚ್ಚು ಸದ್ದು ನನ್ನ ಚಪ್ಪಲಿಯದು
ಎಂದು ಅದು ವರದಿ ಕೊಟ್ಟಿದೆ.
ಚಪ್ಪಲಿ ಬದಲಿಸಿದ್ದೇನೆ.
ಚಾವಣಿಯಲ್ಲೊಂದು ಕಣ್ಣು, ಎವೆಯಿಕ್ಕದ್ದು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ
ನನಗೆ ಕಾಫಿ, ತಣ್ಣೀರು, ತೋಳಿಗೊಂದು ಚಿವುಟು.
ಅದಕ್ಕೆ ಎಣ್ಣೆಯೂ ಬೇಡ.

ಅದಕ್ಕೆ ಕಲಿಸಿದವಳು ನಾನೇ.
ಎರಡು ಚಳಿಗಾಲ, ನಾಲ್ಕು ಗಂಟೆಗೊಮ್ಮೆ,
ಹುಬ್ಬು ಗಂಟಿಕ್ಕಿದರೆ ನೋವು ಎಂದು ಬರೆದೆ,
ಹೊದಿಕೆ ಕಿತ್ತರೆ ಚಡಪಡಿಕೆ,
ಗಾಳಿಯಲ್ಲಿ ಕೈಯಾಡಿಸಿದರೆ ಸನ್ನಿ.
ನಿದ್ದೆಗಣ್ಣಲ್ಲಿ ಬರೆದವೂ ಇವೆ,
ಪಾಳಿ ಮುಗಿಸುವ ಆತುರದಲ್ಲಿ
ಹಿಂದಿನ ಸಾಲನ್ನೇ ನಕಲು ಮಾಡಿದವೂ.
ಅವನ್ನೂ ಅದು ಕಲಿಯಿತು, ಅಷ್ಟೇ ಶ್ರದ್ಧೆಯಿಂದ.

ಹಾಗೆಂದು ಹಳಿಯಲಾರೆ.
ಮಂಗಳವಾರ ಬೆಳಗಿನ ಜಾವ ಮೂರು ನಲವತ್ತಕ್ಕೆ
ನಾನು ನಾಲ್ಕನೆಯ ಹಾಸಿಗೆಯ ಹುಡುಗಿಯ ವಾಂತಿ ಒರೆಸುತ್ತಿದ್ದೆ.
ಏಳರವರ ರಕ್ತದೊತ್ತಡ ಇನ್ನೂ ನೆಟ್ಟಗಿದ್ದಾಗಲೇ
ಬೀಳಲಿದೆ ಎಂದಿತು.
ಬಿತ್ತು. ಅಷ್ಟರಲ್ಲಿ ನನ್ನ ಕೈ ಸಿರಿಂಜಿನ ಮೇಲಿತ್ತು.
ಆ ಹತ್ತು ನಿಮಿಷ ನಾನು ಅದಕ್ಕೆ ತೀರಿಸಬೇಕಾದ ಸಾಲ.

ಬುಧವಾರ ರಾತ್ರಿಯೆಲ್ಲ ಹಳದಿ.
ಬಲಗೈ ಎದೆಯ ಮುಂದೆ ಹಾಯುತ್ತದೆ, ಮಡಚುತ್ತದೆ,
ಎಡ ಅಂಗೈ ಮೇಲೆ ಬಲ ಅಂಗೈ ಜಾರಿ ನಿಲ್ಲುತ್ತದೆ,
ಮತ್ತೆ ಮೊದಲಿಂದ.
ತೆರೆಯ ಮೇಲೆ: ಸನ್ನಿ, ನೂರಕ್ಕೆ ತೊಂಬತ್ತೊಂದು.
ನಾನೂ ನೋಡಿದೆ, ಹೌದೆಂದೆ.
ಕೊಳವೆ ಕಿತ್ತುಕೊಂಡಾರೆಂದು
ಕೈಗೆ ಬಟ್ಟೆ ಕಟ್ಟಿದೆ, ಸಡಿಲವಾಗಿಯೇ.

ಬೆಳಿಗ್ಗೆ ಹತ್ತಕ್ಕೆ ಹೆಂಡತಿ ಸಾಲ್ಮೆ ಬಂದರು.
ಹುಟ್ಟಿದಂದಿನಿಂದ ಕಿವಿ ಕೇಳದು; ಬಾಗಿಲ ಬಳಿ ನಾನು ಹೇಳಿದ್ದನ್ನೆಲ್ಲ
ನನ್ನ ತುಟಿಯಿಂದ ಎತ್ತಿಕೊಂಡರು.
ಒಳಗೆ ಮೊದಲು ಕಂಡದ್ದು ಕಟ್ಟು.
ಏನೂ ಕೇಳಲಿಲ್ಲ, ಬಿಚ್ಚಿದರು.
ಕೈಗಳು ಎದ್ದವು.
ಪತ್ರ ಓದುವವರ ಹಾಗೆ ನೋಡಿದರು,
ಆಮೇಲೆ ಭುಜ ಕುಲುಕಿ ನಕ್ಕರು.

ಚೀಟಿಯಲ್ಲಿ ಬರೆದು ತೋರಿಸಿದರು:
"ಒಲೆಯ ಹೊಗೆಬಾಗಿಲು ಈಗಲೇ ಮುಚ್ಚಬೇಡ ಅನ್ನುತ್ತಿದ್ದಾನೆ.
ಕೆಂಡದ ಮೇಲೆ ಇನ್ನೂ ನೀಲಿ ಉರಿ ಇದೆಯಂತೆ.
ಐವತ್ತು ವರ್ಷದಿಂದ ಇದೇ ಗೋಳು.
ನಾನು ಒಮ್ಮೆಯೂ ಬೇಗ ಮುಚ್ಚಿದವಳಲ್ಲ."

ಸನ್ನಿಯ ಗುಡಿಸು ತೆಗೆದು ಎತ್ವ ಕೊಟ್ಟರೆ ಸನ್ನೆ.
ನಮ್ಮಿಬ್ಬರ ತಪ್ಪು ಅಷ್ಟೇ ಸಣ್ಣದು,
ಒಂದು ರಾತ್ರಿಯಷ್ಟು ಉದ್ದ.

ಸಾಲು ತಿದ್ದಲು ಕೂತೆ.
ಪಟ್ಟಿಯಲ್ಲಿ ಮಾತು ಎಂಬುದಿಲ್ಲ. ಗೊಣಗು ಇಲ್ಲ. ಒಲೆ ಇಲ್ಲ.
ಟಿಪ್ಪಣಿಯ ಕಿರುಕಿಂಡಿಯಲ್ಲಿ
'ಹೆಂಡತಿಯೊಂದಿಗೆ ಮಾತು' ಎಂದು ತೂರಿಸಿದೆ.
ಆ ಕಿಂಡಿಯನ್ನು ಅದು ಓದುವುದಿಲ್ಲವೆಂದು
ತಂತ್ರಜ್ಞ ರೈವೊ ಎಂದೋ ಹೇಳಿದ್ದ.

ಶುಕ್ರವಾರ ರಾತ್ರಿ ಹಸಿರು.
ಮಣಿಕಟ್ಟಿನ ಗೆರೆ ಹೊಳೆಯ ಮೇಲಿನ ಹಿಮದ ಹಾಗೆ ಸಪಾಟು.
ಶಾಂತ, ಎನ್ನುತ್ತದೆ ತೆರೆ, ನೂರಕ್ಕೆ ತೊಂಬತ್ತೇಳು.
ಚಪ್ಪಲಿ ಕಳಚಿ ಬರಿಗಾಲಲ್ಲಿ
ಒಳಗೆ ಹೋಗಿ ನಿಂತಿದ್ದೇನೆ.
ಸಾಲ್ಮೆ ಕಲಿಸಿಕೊಟ್ಟ ಒಂದೇ ಒಂದು ಸನ್ನೆ ನನಗೆ ಬರುವುದು.
ಅವರ ಅರೆತೆರೆದ ಕಣ್ಣ ಮುಂದೆ
ತಪ್ಪುತಪ್ಪಾಗಿ ಮಾಡುತ್ತೇನೆ:
ಉರಿ ಇದೆಯೇ?

ಚಾವಣಿಯ ಕಣ್ಣು ನನ್ನ ಕೈಯನ್ನೂ ನೋಡುತ್ತಿದೆ.
ಏನೆಂದು ಬರೆದುಕೊಳ್ಳುತ್ತದೋ.