ಸೀಸ, ಸೀಸೆ

ಅಂಬುಜಾ ಬಾಯಿ ಬಂದದ್ದು ಮಂಗಳವಾರ, ಕಾಟನ್‌ಪೇಟೆಯಿಂದ
ಪೀಣ್ಯ ಎರಡನೇ ಹಂತಕ್ಕೆ, ಎರಡು ಬಸ್ಸು ಬದಲಿಸಿ.
ಊದುಬತ್ತಿಗೆ ಕಂಪು ಬೆರೆಸುವ ನಮ್ಮ ಶೆಡ್ಡಿನ ಬಾಗಿಲಲ್ಲೇ
ಮೂಗು ಮುರಿದರು:
"ಅಬ್ಬಾ, ಇಷ್ಟೊಂದು ದೇವರು ಒಂದೇ ಕೋಣೆಯಲ್ಲಿ!"

ಆಮೇಲೆ ಕೂತು, ನೀರು ಕುಡಿದು,
"ರಫಿಯಾ, ಸುವಾಸನೆ ಬೇಡ ನನಗೆ. ವಾಸನೆ ಬೇಕು.
ನಮ್ಮವರ ಕೈಯದು.
ಅವೆನ್ಯೂ ರಸ್ತೆಯ ಹಿಂದಿನ ಸಂದಿಯಲ್ಲಿ
ಮೂವತ್ತೆಂಟು ವರ್ಷ ಮೊಳೆ ಜೋಡಿಸಿದ ಕೈ.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಚೀಟಿ ಫಂಡಿನ ರಸೀತಿ,
ಎಲ್ಲ ತಿರುವುಮುರುವಾಗಿ ಓದುತ್ತಿದ್ದರು.
ಅಂಗಿಗಳನ್ನು ಹದಿಮೂರನೆಯ ದಿನವೇ ಒಗೆದುಬಿಟ್ಟೆ.
ನನ್ನ ಬುದ್ಧಿಗಿಷ್ಟು."

ಬರೆದುಕೊಂಡೆ, ಕಾಂಪೌಂಡರು ಬರೆದುಕೊಳ್ಳುವ ಹಾಗೆ.
ಮಸಿ: ಅಗಸೆ ಎಣ್ಣೆ, ಹೊಗೆಗಪ್ಪು.
ಕೈ ತೊಳೆಯಲು ಸೀಮೆಎಣ್ಣೆ, ಅದರ ಮೇಲೆ ಕೆಂಪು ಸೋಪು.
ನಸ್ಯ.
ಬುತ್ತಿಯಲ್ಲಿ ಹಿತಕಿದವರೆ ಸಾರು. "ಡಿಸೆಂಬರಿನಲ್ಲಿ ಮಾತ್ರ.
ಆ ಸೊಗಡು ರಾತ್ರಿಯವರೆಗೂ ಉಗುರು ಬಿಡುತ್ತಿರಲಿಲ್ಲ."

ಮೂಗು ಬೇಗ ದಣಿಯುತ್ತದೆ. ನಾಲ್ಕು ಕಾಗದದ ಪಟ್ಟಿ ಮೂಸಿದರೆ
ಐದನೆಯದಕ್ಕೆ ಅದು ಬರೀ ಉಸಿರಾಡುವ ತೂತು.
ಆಗ ಮೊಣಕೈಯ ಮಡಿಕೆಗೆ ಮುಖವಿಟ್ಟು
ನನ್ನನ್ನೇ ಮೂಸಿಕೊಂಡು ಸೊನ್ನೆಗೆ ಮರಳುತ್ತೇನೆ.

ಹಗುರ ಕಣಗಳು ಮೊದಲು ಹಾರುತ್ತವೆ,
ತಿಥಿಯೂಟ ಮುಗಿಸಿ ಬಸ್ಸಿನ ಸಮಯ ನೋಡುವ ನೆಂಟರು;
ಭಾರದವು ಉಳಿದು, ಸಂಜೆಯವರೆಗೆ ಪಾತ್ರೆ ಬೆಳಗುತ್ತವೆ.
ಮಾರ್ಕೆಟ್ಟಿನ ಮೊಳ ಮಲ್ಲಿಗೆಯಲ್ಲೂ ಒಂದು ಹನಿ ಹೇಸಿಗೆಯಿದೆ,
ಇಂಡೋಲ್ ಅಂತ ಹೆಸರು.
ಅದನ್ನು ತೆಗೆದರೆ ಹೂವು ಪ್ಲಾಸ್ಟಿಕ್ಕು.
ಇದನ್ನು ತಿಳಿದೇ ಕೆಲಸಕ್ಕೆ ಕೂತೆ. ಏಳು ಸಲ ಸೋತೆ.

ಎಂಟನೆಯ ಪಟ್ಟಿಗೆ ಕಣ್ಣು ಮುಚ್ಚಿದರು.
ಟೈಮರು ಟಿಕ್ಕೆನ್ನುತ್ತಿತ್ತು. ಹೊರಗೆ ಲೇತು ಮಷೀನು.
"ಹೂಂ. ಪ್ರೆಸ್ಸು.
ಅದೇ ಪ್ರೆಸ್ಸು, ಅದೇ ಮೇಜು.
ಆದರೆ ಯಾರೂ ಇಲ್ಲ ಕಣಮ್ಮ,
ಅವರು ಊಟಕ್ಕೆ ಹೋಗಿದ್ದಾರೆ."

ಸೊಂಟದ ಚೀಲದಿಂದ ತೆಗೆದರು ಒಂದು ಅಚ್ಚಿನ ಮೊಳೆ.
ಕನ್ನಡಿಯೊಳಗಿನ ಳ.
"ಇದರದು ಹಾಕು. ಸೀಸದ್ದು."

ಹೇಳಬಾರದಿತ್ತೇನೋ. ಹೇಳಿದೆ:
ಸೀಸಕ್ಕೆ ವಾಸನೆಯಿಲ್ಲ, ಬಾಯಿ.
ಬಸ್ಸಿನ ಕಬ್ಬಿಣದ ಕಂಬಿ ಹಿಡಿದರೆ ಅಂಗೈಗೆ ಅಂಟುತ್ತದಲ್ಲ,
ಅದು ಕೂಡ ಕಂಬಿಯದಲ್ಲ.
ನಮ್ಮ ತೊಗಲಿನ ಜಿಡ್ಡೇ ಲೋಹ ತಾಗಿ ಒಡೆದು
ನಮ್ಮ ಮೂಗಿಗೆ ಪರಕೀಯವಾಗಿ ಮರಳುತ್ತದೆ.

"ಅಂದರೆ ಅವರು ಮನೆಗೆ ತರುತ್ತಿದ್ದದ್ದು..."
"ಅವರನ್ನೇ."

ಬಹಳ ಹೊತ್ತು ಏನೂ ಅನ್ನಲಿಲ್ಲ.
ಮೇಜಿನ ಕಬ್ಬಿಣದ ಅಂಚನ್ನು ಮುಷ್ಟಿಯಲ್ಲಿ ಹಿಡಿದರು,
ತಿಕ್ಕಿದರು, ಅಂಗೈ ಮೂಸಿದರು,
ನನ್ನ ಮುಂದೂ ಚಾಚಿದರು.
ಕೊತ್ತಂಬರಿ, ಬಿಸಿಲು, ಟಿಕೆಟ್ಟಿನ ಕಾಗದ,
ಅದರಡಿ ಹಸಿ ಅಣಬೆಯಂಥದೊಂದು ಚೂಪು.
"ಇದು ನಾನು," ಅಂದರು,
ಯಾರೋ ಪರಿಚಯ ಮಾಡಿಸಿದಂತೆ.

ಹೋಗುವಾಗ ಸೀಸ ಒಯ್ದರು, ಸೀಸೆ ಬಿಟ್ಟರು.
ದುಡ್ಡು ಮಾತ್ರ ಎಣಿಸಿ ಕೊಟ್ಟರು, ಬೇಡವೆಂದರೂ.
ಕಪಾಟಿನಲ್ಲಿದೆ ಈಗಲೂ, ಗುಲಾಬಿಗೂ ಕೇದಗೆಗೂ ನಡುವೆ.
ಅವರೆಕಾಯಿ ಗಾಡಿಗಳು ರಸ್ತೆಗೆ ಬಂದ ದಿನ
ಒಮ್ಮೆ ಮುಚ್ಚಳ ತೆಗೆಯುತ್ತೇನೆ.

ದೀಪ ಉರಿಯುತ್ತಿದೆ. ಅರ್ಧ ಜೋಡಿಸಿದ ಸಾಲು.
ಊಟಕ್ಕೆ ಹೋದವರು ಇನ್ನೂ ಬಂದಿಲ್ಲ.